ಮಳೆ ರಜೆ, ಮೊಬೈಲ್ ಗೇಮ್ ಮತ್ತು ಭೌತಶಾಸ್ತ್ರ: ಆಡುತ್ತಾ ಕಲಿಯಲು ಹಂತ ಹಂತದ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಮಲೆನಾಡಿನ ಮಕ್ಕಳಿಗೆ ರಜೆಗೆ ಬರವಿಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಮಳೆ ಹಿಡಿದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಹೊರಗೆ ಕಾಲಿಡುವ ಹಾಗಿಲ್ಲ. ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ, ದೊಡ್ಡವರು ಬೈಯುತ್ತಾರೆ. ಬೈಯುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಚಲನೆ, ಬಲ, ಗುರುತ್ವ, ಕೆಲಸ ಮತ್ತು ಶಕ್ತಿ ಈ ನಾಲ್ಕು ಪಾಠಗಳಿಗೆ ಬೇಕಾದ ಪ್ರಯೋಗಗಳು ಅದೇ ಮೊಬೈಲಿನಲ್ಲಿವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಮ್ನೆ ಆಡಿದರೆ ಭೌತಶಾಸ್ತ್ರ ಬರುವುದಿಲ್ಲ. ದಿನವಿಡೀ ಆಂಗ್ರಿ ಬರ್ಡ್ಸ್ ಆಡುವ ಹುಡುಗನಿಗೆ ಕವಣೆಯಲ್ಲಿ ಹಕ್ಕಿಯನ್ನು ಎಷ್ಟು ಎಳೆದು ಬಿಟ್ಟರೆ ಎಲ್ಲಿ ಬೀಳುತ್ತದೆ ಅಂತ ಹೆಬ್ಬೆರಳಿಗೆ ಗೊತ್ತಿರುತ್ತದೆ, ತಲೆಗೆ ಗೊತ್ತಿರುವುದಿಲ್ಲ. ಬೆರಳಿನ ತಿಳಿವಳಿಕೆ ತಲೆಗೆ ಏರಬೇಕಾದರೆ ಮೂರು ಕೆಲಸ ಆಗಬೇಕು: ಮೊದಲು ಊಹಿಸಬೇಕು, ಆಮೇಲೆ ಅಳೆಯಬೇಕು, ಕೊನೆಗೆ ಗೇಮ್ ಎಲ್ಲಿ ಸುಳ್ಳು ಹೇಳುತ್ತಿದೆ ಅಂತ ಹಿಡಿಯಬೇಕು. ಮೂರನೆಯದೇ ಮುಖ್ಯ. ಆಟ ಮಜವಾಗಿರಲಿ ಅಂತ ಗೇಮ್ ಮಾಡುವವರು ನಿಯಮಗಳನ್ನು ಬೇಕಾದ ಹಾಗೆ ತಿರುಚುತ್ತಾರೆ. ಆ ತಿರುಚುವಿಕೆಯನ್ನು ಲೆಕ್ಕ ಹಾಕಿ ತೋರಿಸಬಲ್ಲವರಿಗೆ ಪಾಠ ಅರ್ಥವಾಗಿದೆ ಅಂತಲೇ ಲೆಕ್ಕ.

ಹಂತ 1: ಸಾಮಾನು ಜೋಡಿಸಿಕೊಳ್ಳಿ

ದೊಡ್ಡ ಖರ್ಚೇನಿಲ್ಲ. ಸ್ಕ್ರೀನ್ ರೆಕಾರ್ಡ್ ಮಾಡಬಲ್ಲ ಒಂದು ಮೊಬೈಲ್, ಒಂದು ಚೌಕುಳಿ ಲೆಕ್ಕದ ಪುಸ್ತಕ, ಪಾರದರ್ಶಕ ಸ್ಕೇಲು, ಒಂದು ಹಾಳೆ ಬಟರ್ ಪೇಪರ್ ಅಥವಾ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಸ್ಕೆಚ್ ಪೆನ್ನು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಅದರಲ್ಲಿ ಕೀಬೋರ್ಡಿನ ‘ಇ’ ಅಕ್ಷರದ ಕೀ ಒತ್ತಿದರೆ ವಿಡಿಯೊ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಅಳತೆಗೆ ಇಷ್ಟು ಸಾಕು. ಟ್ರ್ಯಾಕರ್ ಅನ್ನುವ ಉಚಿತ ತಂತ್ರಾಂಶ ಇನ್ನೂ ಒಳ್ಳೆಯದು. ವಿಡಿಯೊದಲ್ಲಿ ಚಲಿಸುವ ವಸ್ತುವಿನ ಮೇಲೆ ಕ್ಲಿಕ್ ಮಾಡುತ್ತಾ ಹೋದರೆ ಗ್ರಾಫನ್ನು ಅದೇ ಬರೆದುಕೊಡುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ನೆಟ್ ಇಲ್ಲದೆಯೂ ಓಡುವ ಗೇಮುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ನೆಟ್ ಆಫ್ ಮಾಡಿ ಆಡಿದರೆ ಜಾಹೀರಾತಿನ ಕಾಟವೂ ಬಹಳ ಮಟ್ಟಿಗೆ ತಪ್ಪುತ್ತದೆ. ಪಣಕ್ಕೆ ದುಡ್ಡು ಕಟ್ಟಿ ಆಡುವ ಯಾವ ಆಟವೂ ಬೇಡ.

ಹಂತ 2: ಆಡುವ ಮೊದಲು ಬರೆಯಿರಿ

ಪುಸ್ತಕದ ಒಂದು ಪುಟದಲ್ಲಿ ಮೂರು ಕಾಲಂ ಮಾಡಿ: ‘ನನ್ನ ಊಹೆ’, ‘ಗೇಮಿನಲ್ಲಿ ಆದದ್ದು’, ‘ನಿಜ ಜಗತ್ತಿನಲ್ಲಿ ಆಗುವುದು’. ಮೊದಲ ಕಾಲಂ ತುಂಬದೆ ಸ್ಟಾರ್ಟ್ ಒತ್ತಬೇಡಿ. ಊಹೆ ಬರೆಯದೆ ನೋಡಿದವರಿಗೆಲ್ಲ ‘ಓ, ಇದು ನನಗೆ ಗೊತ್ತಿತ್ತು’ ಅಂತಲೇ ಅನಿಸುವುದು. ಬರೆದಿಟ್ಟರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೋನ ಬದಲಿಸಿದರೆ ಎಳೆತ ಅಷ್ಟೇ ಇರಲಿ. ಗಾಡಿ ಬದಲಿಸಿದರೆ ರಸ್ತೆ ಅದೇ ಇರಲಿ. ಅರ್ಧ ಗಂಟೆ ಆಟಕ್ಕೆ ಅರ್ಧ ಗಂಟೆ ಬರವಣಿಗೆ. ಈ ಕರಾರಿಗೆ ಒಪ್ಪಿದರೆ ಮನೆಯಲ್ಲಿ ಅಮ್ಮನ ಹತ್ತಿರ ಮೊಬೈಲ್ ಕೇಳುವುದೂ ಸುಲಭ.

ಹಂತ 3: ಆಂಗ್ರಿ ಬರ್ಡ್ಸ್‌ನಿಂದ ಎಸೆತದ ಲೆಕ್ಕ

ಶುರು ಮಾಡಲು ಇದಕ್ಕಿಂತ ಒಳ್ಳೆಯ ಗೇಮ್ ಇಲ್ಲ. ಫಿನ್ಲೆಂಡಿನ ರೋವಿಯೊ ಕಂಪನಿ 2009ರ ಡಿಸೆಂಬರಿನಲ್ಲಿ ತಂದ, ಕವಣೆಯಿಂದ ಹಕ್ಕಿ ಹಾರಿಸುವ ಆಟ ಇದು. ಆಮೇಲೆ ಬಂದ ಇದೇ ಸರಣಿಯ ಯಾವ ಆಟವಾದರೂ ನಡೆಯುತ್ತದೆ. ಒಳಗೆ ಕೂತು ಲೆಕ್ಕ ಹಾಕುವುದು ಬಾಕ್ಸ್‌ಟುಡಿ ಅನ್ನುವ ಉಚಿತ ಫಿಸಿಕ್ಸ್ ಎಂಜಿನ್. ನ್ಯೂಟನ್ನನ ನಿಯಮಗಳನ್ನು ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಹಾಕಿ ಚಿತ್ರ ಕದಲಿಸುವುದೇ ಅದರ ಕೆಲಸ. ಅಂದರೆ ನಿಮ್ಮ ಪುಸ್ತಕದ ಸೂತ್ರಗಳೇ ಅಲ್ಲಿ ಓಡುತ್ತಿವೆ.

ಹಾರಿಸುವ ಮೊದಲು ಎರಡು ಬೆರಳಿನಿಂದ ಚಿತ್ರವನ್ನು ಪೂರ್ತಿ ಕುಗ್ಗಿಸಿ. ಇಲ್ಲದಿದ್ದರೆ ಹಕ್ಕಿಯ ಜೊತೆ ಕ್ಯಾಮೆರಾವೂ ಓಡಿ ಅಳತೆ ಕೆಡುತ್ತದೆ. ಆದರೂ ಚಿತ್ರ ಸರಿದಾಡಿದರೆ ಕವಣೆಯ ಬುಡವನ್ನು ಗುರುತಾಗಿ ಇಟ್ಟುಕೊಂಡು ಅಲ್ಲಿಂದ ಅಳೆಯಿರಿ. ರೆಕಾರ್ಡ್ ಮಾಡಿ, ವಿಡಿಯೊವನ್ನು ಫ್ರೇಮ್ ಫ್ರೇಮಾಗಿ ಓಡಿಸಿ. ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ಆದರೆ 6 ಫ್ರೇಮಿಗೆ 0.2 ಸೆಕೆಂಡ್. ಪ್ರತಿ 6 ಫ್ರೇಮಿಗೊಮ್ಮೆ ನಿಲ್ಲಿಸಿ, ತೆರೆಯ ಮೇಲೆ ಇಟ್ಟ ಬಟರ್ ಪೇಪರಿನಲ್ಲಿ ಹಕ್ಕಿ ಇರುವ ಜಾಗಕ್ಕೆ ಒಂದು ಚುಕ್ಕಿ ಇಡಿ.

ಈಗ ಪೇಪರ್ ತೆಗೆದು ನೋಡಿ. ಅಡ್ಡಕ್ಕೆ ಅಳೆದರೆ ಚುಕ್ಕಿಗಳ ನಡುವಿನ ದೂರ ಒಂದೇ ಸಮ. ಕಾರಣ, ಅಡ್ಡ ದಿಕ್ಕಿನಲ್ಲಿ ಹಕ್ಕಿಯನ್ನು ತಳ್ಳುವವರೂ ಇಲ್ಲ, ತಡೆಯುವವರೂ ಇಲ್ಲ. ಇದು ನ್ಯೂಟನ್ನನ ಮೊದಲ ನಿಯಮ. ಇನ್ನು ಅತಿ ಎತ್ತರದ ಚುಕ್ಕಿಯಿಂದ ಕೆಳಕ್ಕೆ ಅಳೆಯಿರಿ. ಮೊದಲ ಅಂತರ ಒಂದು ಪಾಲು ಇದ್ದರೆ ಎರಡನೆಯದು ಮೂರು ಪಾಲು, ಆಮೇಲೆ ಐದು, ಆಮೇಲೆ ಏಳು. ಗೆಲಿಲಿಯೊ ಇಳಿಜಾರಿನಲ್ಲಿ ಗುಂಡು ಉರುಳಿಸಿ ಕಂಡುಕೊಂಡ ಬೆಸ ಸಂಖ್ಯೆಗಳ ನಿಯಮ ಇದೇ. 1638ರಲ್ಲಿ ಪುಸ್ತಕವಾಗಿ ಅಚ್ಚಾದದ್ದು ಈಗ ನಿಮ್ಮ ಬಟರ್ ಪೇಪರಿನ ಮೇಲಿದೆ. ಒಂದು ಎಚ್ಚರ: ಅತಿ ಎತ್ತರದ ಜಾಗ ಸರಿಯಾಗಿ ಒಂದು ಚುಕ್ಕಿಯ ಮೇಲೇ ಬರದಿದ್ದರೆ 1, 3, 5 ಅಂತ ನೀಟಾಗಿ ಸಿಗುವುದಿಲ್ಲ. ಆದರೆ ಒಂದು ಅಂತರಕ್ಕೂ ಮುಂದಿನ ಅಂತರಕ್ಕೂ ಇರುವ ಹೆಚ್ಚಳ ಮಾತ್ರ ಪ್ರತಿ ಸಲವೂ ಒಂದೇ ಇರುತ್ತದೆ. ಆ ಹೆಚ್ಚಳವೇ ವೇಗೋತ್ಕರ್ಷದ (ವೇಗ ಬದಲಾಗುವ ದರದ) ಗುರುತು.

ಇಲ್ಲಿಂದ ಮುಂದೆ ಮಜಾ ಬರುತ್ತದೆ. ಹಕ್ಕಿಯ ಎತ್ತರವನ್ನೇ ಅಳತೆಗೋಲು ಮಾಡಿಕೊಳ್ಳಿ. ನಿಮ್ಮ ಚುಕ್ಕಿಗಳ ಅಂತರ 0.28 ಹಕ್ಕಿ, 0.84 ಹಕ್ಕಿ, 1.40 ಹಕ್ಕಿ ಅಂತ ಬಂತು ಅಂದುಕೊಳ್ಳಿ. ಪ್ರತಿ ಸಲ ಹೆಚ್ಚಳ 0.56. ಅದನ್ನು 0.2ರ ವರ್ಗದಿಂದ, ಅಂದರೆ 0.04ರಿಂದ ಭಾಗಿಸಿ. 14 ಬಂತು. ಗೇಮಿನ ಗುರುತ್ವ ‘ಸೆಕೆಂಡಿನ ವರ್ಗಕ್ಕೆ 14 ಹಕ್ಕಿ’. ಅಲ್ಲಿಯ ಗುರುತ್ವವೂ ಭೂಮಿಯ ಹಾಗೆ 9.8 ಮೀಟರ್ ಅಂತ ಹಿಡಿದರೆ, 9.8ನ್ನು 14ರಿಂದ ಭಾಗಿಸಿ. ಹಕ್ಕಿಯ ಎತ್ತರ 0.7 ಮೀಟರ್! ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ರೆಟ್ ಅಲೈನ್ 2010ರಲ್ಲಿ ವಿಡಿಯೊ ಅಳೆದು ಇದೇ ದಾರಿಯಲ್ಲಿ ಲೆಕ್ಕ ಹಾಕಿದಾಗ ಕೆಂಪು ಹಕ್ಕಿ ಸುಮಾರು 70 ಸೆಂಟಿಮೀಟರ್ ಅಂತ ಬಂದಿತ್ತು. ಕವಣೆಯ ಎತ್ತರ ಸುಮಾರು 4.9 ಮೀಟರ್, ಒಂದು ಮಾಳಿಗೆ ಮನೆಯಷ್ಟು. ಹಕ್ಕಿ ಅಷ್ಟು ದೊಡ್ಡದೋ, ಇಲ್ಲ ಅಲ್ಲಿಯ ಗುರುತ್ವವೇ ಕಡಿಮೆಯೋ? ಎರಡರಲ್ಲಿ ಒಂದನ್ನು ಒಪ್ಪಲೇಬೇಕು. ನಿಮ್ಮ ಮೊಬೈಲಿನ ಆಟದಲ್ಲಿ ಸಂಖ್ಯೆ ಬೇರೆ ಬಂದೀತು, ದಾರಿ ಇದೇ.

ಆಮೇಲೆ ಕೋನಗಳ ಪರೀಕ್ಷೆ. ಪೂರ್ತಿ ಎಳೆದು 30 ಡಿಗ್ರಿಯಲ್ಲಿ ಒಂದು, 60 ಡಿಗ್ರಿಯಲ್ಲಿ ಒಂದು ಬಿಡಿ. ಬಿಟ್ಟ ಮಟ್ಟಕ್ಕೇ ಬಿದ್ದರೆ ಎರಡೂ ಒಂದೇ ದೂರ ಹೋಗುತ್ತವೆ. 45 ಡಿಗ್ರಿ ಅತಿ ದೂರ. ಆದರೆ ಕವಣೆ ನೆಲಕ್ಕಿಂತ ಎತ್ತರದಲ್ಲಿದ್ದು ಹಕ್ಕಿ ಕೆಳಗೆ ಬೀಳುವುದಾದರೆ 45ಕ್ಕಿಂತ ಸ್ವಲ್ಪ ಕಡಿಮೆ ಕೋನವೇ ಗೆಲ್ಲುತ್ತದೆ. ಯಾಕೆ ಅಂತ ಚಿತ್ರ ಬರೆದು ಯೋಚಿಸಿ. ಉತ್ತರ ಹೇಳಿಬಿಟ್ಟರೆ ಆ ಮಜಾ ಹೋಗುತ್ತದೆ.

ಈಗ ಸುಳ್ಳುಗಳು. ಹಳದಿ ಹಕ್ಕಿ ಹಾರುತ್ತಿರುವಾಗ ತೆರೆ ಮುಟ್ಟಿದರೆ ಅದರ ವೇಗ ದಿಢೀರನೆ ಏರುತ್ತದೆ. ಮುಂದೆ ನುಗ್ಗಬೇಕಾದರೆ ಯಾವುದನ್ನಾದರೂ ಹಿಂದಕ್ಕೆ ತಳ್ಳಬೇಕಲ್ಲ? ಅದೇನನ್ನು ತಳ್ಳಿತು? ನೀಲಿ ಹಕ್ಕಿ ಮೂರಾಗುತ್ತದೆ. ಮೂರರ ರಾಶಿ ಎಲ್ಲಿಂದ ಬಂತು? ಇನ್ನೊಂದು, ಅಲ್ಲಿ ಗಾಳಿಯ ತಡೆಯೇ ಇಲ್ಲ. ಮಳೆ ಬಿಟ್ಟ ಸಂಜೆ ಅಂಗಳದಲ್ಲಿ ಒಂದು ರಬ್ಬರ್ ಚೆಂಡು, ಒಂದು ಶಟಲ್ ಕಾಕ್ ಎರಡನ್ನೂ ಎಸೆದು ಅಣ್ಣನಿಗೋ ತಂಗಿಗೋ ಪಕ್ಕದಿಂದ ವಿಡಿಯೊ ಮಾಡಲು ಹೇಳಿ. ಚೆಂಡಿನ ದಾರಿ ಗೇಮಿನ ಹಾಗೇ ಇರುತ್ತದೆ. ಕಾಕ್ ಅರ್ಧ ದಾರಿಯಲ್ಲಿ ಸೋತು ಹೆಚ್ಚುಕಡಿಮೆ ನೇರ ಕೆಳಗೆ ಇಳಿಯುತ್ತದೆ. ಗೇಮ್ ಬಿಟ್ಟುಬಿಟ್ಟ ಗಾಳಿ ಇದು.

ಹಂತ 4: ಹಿಲ್ ಕ್ಲೈಂಬ್ ರೇಸಿಂಗ್ ಮತ್ತು ಕೊಡಚಾದ್ರಿಯ ಜೀಪು

ಇದೂ ಫಿನ್ಲೆಂಡಿನದೇ, 2012ರದ್ದು. ಗಾಡಿ ಓಡಿಸುವವನ ಹೆಸರು ನ್ಯೂಟನ್ ಬಿಲ್. ಮಾಡಿದವರೇ ಸುಳಿವು ಕೊಟ್ಟಿದ್ದಾರೆ.

ಟೈರ್ ಅಪ್‌ಗ್ರೇಡ್ ಮಾಡದೆ ಕಡಿದಾದ ಏರು ಹತ್ತಿಸಿ. ಚಕ್ರ ಗರಗರ ತಿರುಗುತ್ತದೆ, ಗಾಡಿ ಹತ್ತುವುದಿಲ್ಲ. ಈಗ ಎಂಜಿನ್ ಮಾತ್ರ ಅಪ್‌ಗ್ರೇಡ್ ಮಾಡಿ ನೋಡಿ. ಆಮೇಲೆ ಎಂಜಿನ್ ಹಾಗೇ ಬಿಟ್ಟು ಟೈರ್ ಮಾತ್ರ ಬದಲಿಸಿ. ಗಾಡಿಯನ್ನು ಮುಂದೆ ತಳ್ಳುವುದು ಎಂಜಿನ್ ಅಂತ ಬಹಳ ಜನ ತಿಳಿದಿರುತ್ತಾರೆ. ನಿಜವಾಗಿ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಘರ್ಷಣೆ ಇಲ್ಲದಿದ್ದರೆ ಎಂಥ ಎಂಜಿನ್ ಇದ್ದರೂ ದಂಡ.

ಇದನ್ನು ಕಣ್ಣಾರೆ ನೋಡಬೇಕಾದರೆ ಕೊಡಚಾದ್ರಿಗೆ ಹೋಗುವ ಜೀಪು ಹತ್ತಿ. 1,343 ಮೀಟರ್ ಎತ್ತರದ ಬೆಟ್ಟ, ಕಲ್ಲು ಕೆಸರಿನ ದಾರಿ. ಡ್ರೈವರ್ ಅಣ್ಣನ ಕಾಲು ನೋಡುತ್ತಿರಿ. ಕೆಸರು ಬಂದಾಗ ಆಕ್ಸಿಲರೇಟರ್ ಒದೆಯುವುದಿಲ್ಲ. ಸಣ್ಣ ಗೇರಿನಲ್ಲಿ ಹದವಾಗಿ ಒತ್ತಿ ಚಕ್ರ ಜಾರದ ಹಾಗೆ ಹತ್ತಿಸುತ್ತಾರೆ. ಉರುಳುವ ಚಕ್ರಕ್ಕೆ ನೆಲದ ಹಿಡಿತ ಜಾಸ್ತಿ, ಜಾರಲು ಶುರುವಾದ ಚಕ್ರಕ್ಕೆ ಕಡಿಮೆ. ಪುಸ್ತಕದ ಸ್ಥಾಯಿ ಘರ್ಷಣೆ, ಜಾರು ಘರ್ಷಣೆ ಅಂದರೆ ಇದೇ. ಬಾಕ್ಸ್‌ಟುಡಿಯಂಥ ಫಿಸಿಕ್ಸ್ ಎಂಜಿನ್ ಎರಡಕ್ಕೂ ಒಂದೇ ಸಂಖ್ಯೆ ಬಳಸುತ್ತದೆ, ಹಾಗಾಗಿ ಅಂಥ ಗೇಮಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಮೂರನೇ ಕಾಲಂನಲ್ಲಿ ಬರೆದುಕೊಳ್ಳಿ.

ಇನ್ನೊಂದು ಪ್ರಯೋಗ. ಗಾಡಿ ಗಾಳಿಯಲ್ಲಿ ಹಾರಿರುವಾಗ ಗ್ಯಾಸ್ ಒತ್ತಿ, ಮೂತಿ ಮೇಲೇಳುತ್ತದೆ. ಬ್ರೇಕ್ ಒತ್ತಿ, ಮೂತಿ ಕೆಳಗಾಗುತ್ತದೆ. ನೆಲವೇ ತಾಗದಿರುವಾಗ ಗಾಡಿ ತಿರುಗುವುದು ಹೇಗೆ? ಚಕ್ರ ಒಂದು ಕಡೆ ಜೋರಾಗಿ ತಿರುಗಿದರೆ ಉಳಿದ ಗಾಡಿ ಎದುರು ಕಡೆ ತಿರುಗಲೇಬೇಕು. ಓಟಕ್ಕೆ ಸಂವೇಗ (ರಾಶಿ ಗುಣಿಸು ವೇಗ) ಇರುವ ಹಾಗೆ ತಿರುಗುವಿಕೆಗೂ ಸಂವೇಗವಿದೆ, ಅದೂ ಉಳಿಯುತ್ತದೆ. ಮೋಟೊಕ್ರಾಸ್ ಸವಾರರು ಜಂಪಿನಲ್ಲಿ ಮಾಡುವುದೂ ಇದನ್ನೇ. ಆದರೆ ಕಾರಿನ ಚಕ್ರ ಇಡೀ ಕಾರಿನ ಮುಂದೆ ತೀರಾ ಹಗುರ. ಗೇಮಿನಷ್ಟು ಜೋರಾಗಿ ಯಾವ ಕಾರೂ ಪಲ್ಟಿ ಹೊಡೆಯುವುದಿಲ್ಲ.

ಚಂದ್ರನ ಹಂತ ಸಿಕ್ಕಿದ ಮೇಲೆ ಅದೇ ಗಾಡಿ ತೆಗೆದುಕೊಂಡು ಹೋಗಿ. ಹಾರಿದ ಗಾಡಿ ಅತಿ ಎತ್ತರದಿಂದ ಅರ್ಧ ಸೆಕೆಂಡಿನಲ್ಲಿ ಎಷ್ಟು ಇಳಿಯಿತು ಅಂತ ಚಕ್ರದ ಅಳತೆಯಲ್ಲಿ ಎರಡೂ ಕಡೆ ಅಳೆಯಿರಿ. ನಿಜವಾದ ಚಂದ್ರನಲ್ಲಿ ಗುರುತ್ವ 1.62, ಭೂಮಿಯ ಆರನೇ ಒಂದು ಪಾಲು. ಗೇಮಿನ ಚಂದ್ರ ಎಷ್ಟು ಪ್ರಾಮಾಣಿಕ ಅಂತ ನೀವೇ ತೀರ್ಮಾನಿಸಿ.

ಹಂತ 5: ಕೇರಂ ಮತ್ತು ಪೂಲ್

ಸಂವೇಗದ ಪಾಠಕ್ಕೆ ಮೊಬೈಲಿನ ಪೂಲ್ ಆಟ ಬೇಕು. ಮನೆಯ ಕೇರಂ ಬೋರ್ಡೂ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಒಂದು ವಿಷಯ ಚೆನ್ನಾಗಿ ತಿಳಿಯುತ್ತದೆ.

ಪೂಲ್‌ನಲ್ಲಿ ಬಿಳಿ ಚೆಂಡನ್ನು ಇನ್ನೊಂದಕ್ಕೆ ನೇರ ಹೊಡೆಯಿರಿ. ಸ್ಪಿನ್ ಇಲ್ಲದಿದ್ದರೆ ಬಿಳಿ ಚೆಂಡು ನಿಂತುಬಿಡುತ್ತದೆ, ಎದುರಿನದು ಅಷ್ಟೇ ವೇಗದಲ್ಲಿ ಓಡುತ್ತದೆ. ಎರಡರ ರಾಶಿ ಸಮ ಇರುವುದರಿಂದ ಹೀಗೆ. ಓರೆಯಾಗಿ ತಾಗಿಸಿದರೆ ಎರಡೂ ಹೆಚ್ಚುಕಡಿಮೆ 90 ಡಿಗ್ರಿ ಕೋನದಲ್ಲಿ ಬೇರೆಯಾಗುತ್ತವೆ. ತೆರೆಯ ಮೇಲೆ ಪುಸ್ತಕದ ಮೂಲೆ ಇಟ್ಟು ನೋಡಿದರೆ ಸಾಕು, ಕೋನಮಾಪಕ ಬೇಡ.

ಕೇರಂನಲ್ಲಿ ಸ್ಟ್ರೈಕರ್ ಹಾಗೆ ನಿಲ್ಲುವುದಿಲ್ಲ. ಕಾಯಿನ್ ಓಡಿದ ಮೇಲೂ ಅದು ಹಿಂದಿನಿಂದ ಹೋಗುತ್ತಲೇ ಇರುತ್ತದೆ. ಸ್ಟ್ರೈಕರ್ 15 ಗ್ರಾಂ, ಕಾಯಿನ್ ಸುಮಾರು 5 ಗ್ರಾಂ. ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು ನೇರ ಹೊಡೆಯಿತು ಅನ್ನಿ. ಶಕ್ತಿ ಒಂದಿಷ್ಟೂ ಪೋಲಾಗದಿದ್ದರೆ ಆಮೇಲೆ ಸ್ಟ್ರೈಕರ್ ವೇಗ 1, ಕಾಯಿನ್ ವೇಗ 3. ಸಂವೇಗ ಪರೀಕ್ಷಿಸಿ: ಮೊದಲು 15 ಗುಣಿಸು 2, ಅಂದರೆ 30. ಆಮೇಲೆ 15 ಮತ್ತು 15, ಮತ್ತೆ 30. ಚಲನ ಶಕ್ತಿಗೆ ವೇಗದ ವರ್ಗ ಹಾಕಿ: ಮೊದಲು 60, ಆಮೇಲೆ 15 ಮತ್ತು 45, ಮತ್ತೆ 60. (ಎರಡೂ ಕಡೆ ಇರುವ ಅರ್ಧವನ್ನು ಬಿಟ್ಟಿದ್ದೇನೆ.) ಮುಕ್ಕಾಲು ಪಾಲು ಶಕ್ತಿ ಪುಟ್ಟ ಕಾಯಿನ್ನಿಗೇ ಹೋಯಿತು! ನಿಜವಾದ ಬೋರ್ಡಿನಲ್ಲಿ ‘ಟಕ್’ ಅನ್ನುವ ಸದ್ದಿಗೂ ಬಿಸಿಗೂ ಒಂದು ಪಾಲು ಹೋಗುವುದರಿಂದ ಸಂಖ್ಯೆಗಳು ಸ್ವಲ್ಪ ಇಳಿಯುತ್ತವೆ.

ಮಳೆಗಾಲದಲ್ಲಿ ಬೋರ್ಡು ಥಂಡಿ ಹಿಡಿದು ಕಾಯಿನ್ ಓಡುವುದೇ ಇಲ್ಲ, ಅಲ್ವಾ? ಬೋರಿಕ್ ಪೌಡರ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಸ್ಟ್ರೈಕರ್ ಎಷ್ಟು ದೂರ ಜಾರುತ್ತದೆ ನೋಡಿ. ಮೊಬೈಲಿನ ಕೇರಂಗೆ ಈ ಥಂಡಿಯ ಕಾಟವೇ ಇಲ್ಲ.

ಹಂತ 6: ಮೈನ್‌ಕ್ರಾಫ್ಟಿನಲ್ಲಿ ಜೋಗ ಕಟ್ಟಿ

ನನಗೆ ತುಂಬಾ ಇಷ್ಟವಾದ ಪಾಠ ಇದು, ಅದಕ್ಕೇ ಸ್ವಲ್ಪ ಉದ್ದ. ಮೈನ್‌ಕ್ರಾಫ್ಟ್ ಅಂದರೆ ಚೌಕ ಬ್ಲಾಕ್‌ಗಳನ್ನು ಜೋಡಿಸಿ ಬೇಕಾದ್ದು ಕಟ್ಟುವ ಗೇಮ್, ದುಡ್ಡು ಕೊಟ್ಟು ಕೊಳ್ಳಬೇಕು. ನಿಮ್ಮ ಹತ್ತಿರ ಇಲ್ಲದಿದ್ದರೆ ಇರುವ ಗೆಳೆಯರ ಮನೆಗೆ ಹೋಗಿ.

ಅಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಕಾಲ ಸೆಕೆಂಡಿಗೆ 20 ಟಿಕ್‌ಗಳಲ್ಲಿ ಓಡುತ್ತದೆ. ಸಮುದ್ರ ಮಟ್ಟ 63ನೇ ಬ್ಲಾಕಿನ ಆಸುಪಾಸು, ಕಟ್ಟಲು ಮೇಲಿನ ಮಿತಿ 320. ಜೋಗ ಜಲಪಾತದ ಎತ್ತರ 253 ಮೀಟರ್. ಅಂದರೆ ಸಮುದ್ರ ಮಟ್ಟದಿಂದ ಶುರು ಮಾಡಿದರೆ ಇಡೀ ಜೋಗ ಒಂದಕ್ಕೆ ಒಂದರ ಅಳತೆಯಲ್ಲಿ ಸರಿಯಾಗಿ ಹಿಡಿಸುತ್ತದೆ! ಕ್ರಿಯೇಟಿವ್ ಮೋಡ್‌ನಲ್ಲಿ ಬಂಡೆಯ ಗೋಡೆ ಎಬ್ಬಿಸಿ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ಜಾಗ ಬಿಡಿ.

ನೀರು ಬಿಡುವ ಮೊದಲು ನೀವೇ ಹಾರಿ. ಮೊದಲು 50 ಬ್ಲಾಕ್ ಎತ್ತರದಿಂದ. ಭೂಮಿಯ ಮೇಲೆ ಗಾಳಿಯ ತಡೆ ಬಿಟ್ಟರೆ 50 ಮೀಟರ್ ಬೀಳಲು 3.2 ಸೆಕೆಂಡ್ ಬೇಕು. (ಎತ್ತರವನ್ನು ಎರಡರಿಂದ ಗುಣಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ.) ಗೇಮಿನಲ್ಲಿ ಸುಮಾರು 2 ಸೆಕೆಂಡಿಗೇ ನೆಲ ಸಿಗುತ್ತದೆ. ಅಲ್ಲಿಯ ಗುರುತ್ವ ಶುರುವಿನಲ್ಲಿ ಸೆಕೆಂಡಿನ ವರ್ಗಕ್ಕೆ 32 ಮೀಟರ್, ನಮ್ಮದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ. ನಮ್ಮ ಗುರುತ್ವವನ್ನೇ ಇಟ್ಟಿದ್ದರೆ ಪ್ರತಿ ಜಂಪೂ ತೇಲಿದ ಹಾಗೆ ನಿಧಾನ ಅನಿಸುತ್ತಿತ್ತು. ಆದರೆ ಅಲ್ಲಿ ತಡೆಯೂ ಇದೆ. ಪ್ರತಿ ಟಿಕ್‌ಗೆ ವೇಗ ಶೇಕಡಾ 2ರಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಎಷ್ಟೇ ಎತ್ತರದಿಂದ ಬಿದ್ದರೂ ವೇಗ ಸೆಕೆಂಡಿಗೆ 78.4 ಮೀಟರ್ ದಾಟುವುದಿಲ್ಲ. ಇದೇ ಅಂತಿಮ ವೇಗ.

ಅಂತಿಮ ವೇಗ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಆಗುಂಬೆಯವರನ್ನು ಕೇಳಬೇಕು. ಒಂದು ಕಿಲೋಮೀಟರ್ ಮೇಲಿನ ಮೋಡದಿಂದ ಬಿದ್ದ ಹನಿ ಗಾಳಿಯ ತಡೆಯೇ ಇಲ್ಲದಿದ್ದರೆ ಸೆಕೆಂಡಿಗೆ 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಬಂದು ತಲೆಗೆ ಬಡಿಯುತ್ತಿತ್ತು. ದೊಡ್ಡ ಹನಿಯೂ ಸೆಕೆಂಡಿಗೆ 9 ಮೀಟರಿನ ಆಸುಪಾಸಿನಲ್ಲೇ ಬೀಳುವುದರಿಂದ ಒಂದು ಕೊಡೆ ಸಾಕಾಗುತ್ತದೆ.

ಈಗ 253 ಬ್ಲಾಕ್ ಮೇಲಿಂದ ಹಾರಿ. ಗೇಮಿನಲ್ಲಿ ಸುಮಾರು ಐದೂವರೆ ಸೆಕೆಂಡ್. ನಿಜವಾದ ಜೋಗದ ನೆತ್ತಿಯಿಂದ ಒಂದು ಕಲ್ಲು ಬಿಟ್ಟರೆ, ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ, 7.2 ಸೆಕೆಂಡ್. ಕೆಳಗೆ ತಲುಪುವಾಗ ವೇಗ ಸೆಕೆಂಡಿಗೆ 70 ಮೀಟರ್, ಗಂಟೆಗೆ 253 ಕಿಲೋಮೀಟರ್. ಎತ್ತರದ ಸಂಖ್ಯೆಯೇ ವೇಗದ ಸಂಖ್ಯೆಯೂ ಆಗಿ ಬಂದದ್ದು ಬರೀ ಕಾಕತಾಳೀಯ, ನೆನಪಿಟ್ಟುಕೊಳ್ಳಲು ಅನುಕೂಲ.

ಕೊನೆಗೆ ನೀರು ಬಿಡಿ. ಮೇಲಿನ ಅಂಚಿನಲ್ಲಿ ಒಂದು ಬಕೆಟ್ ನೀರು ಸುರಿದು ಗಡಿಯಾರ ನೋಡಿ. ನೀರು 5 ಟಿಕ್‌ಗೆ ಒಂದು ಬ್ಲಾಕ್ ಸಾಗುತ್ತದೆ, ಅಂದರೆ ಸೆಕೆಂಡಿಗೆ 4 ಮೀಟರ್. ತಳ ಮುಟ್ಟಲು ಒಂದು ನಿಮಿಷದ ಮೇಲಾಗುತ್ತದೆ! ನೀವು ಐದೂವರೆ ಸೆಕೆಂಡಿನಲ್ಲಿ ಬಿದ್ದ ಜಾಗಕ್ಕೆ ನೀರು ನಡೆದುಕೊಂಡು ಬರುತ್ತದೆ. ಬಿದ್ದ ಮೇಲೂ ವೇಗ ಏರುವುದಿಲ್ಲ. ವೇಗೋತ್ಕರ್ಷವೇ ಇಲ್ಲದ ಜಲಪಾತ. ಎಲ್ಲಾ ವಸ್ತುಗಳೂ ಒಂದೇ ರೀತಿ ಬೀಳುತ್ತವೆ ಅನ್ನುವ ಗೆಲಿಲಿಯೊ ಮಾತನ್ನು ಈ ಗೇಮ್ ಎಷ್ಟು ಆರಾಮಾಗಿ ಮುರಿಯುತ್ತದೆ ನೋಡಿ. ಸಾಲದ್ದಕ್ಕೆ ಆ ಒಂದು ಬಕೆಟ್ ನೀರು ಎಂದೂ ಮುಗಿಯುವುದಿಲ್ಲ. ಹಾಗಿದ್ದಿದ್ದರೆ ಲಿಂಗನಮಕ್ಕಿಗೆ ಅಣೆಕಟ್ಟೇ ಬೇಕಿರಲಿಲ್ಲ.

ನಿಜವಾದ ನೀರಿನ ಲೆಕ್ಕವನ್ನೂ ಇಲ್ಲೇ ಮಾಡಿ ಮುಗಿಸಿ. ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ 1000 ಕಿಲೋ ನೀರು 253 ಮೀಟರ್ ಬಿದ್ದರೆ ಸಿಗುವ ಸಾಮರ್ಥ್ಯ 1000 ಗುಣಿಸು 9.8 ಗುಣಿಸು 253. ಸುಮಾರು 25 ಲಕ್ಷ ವ್ಯಾಟ್, ಅಂದರೆ 2.5 ಮೆಗಾವ್ಯಾಟ್. 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇದೇ ಪ್ರಚ್ಛನ್ನ ಶಕ್ತಿಯನ್ನು ನಂಬಿ ನಿಂತಿದೆ. ಟರ್ಬೈನ್ ಇಲ್ಲದೆ ಸುಮ್ನೆ ಬಿದ್ದರೆ ಆ ಶಕ್ತಿ ನೀರನ್ನೇ ಬಿಸಿ ಮಾಡುತ್ತದೆ. 253 ಮೀಟರಿಗೆ ಹೆಚ್ಚೆಂದರೆ 0.6 ಡಿಗ್ರಿ.

ಒಂದು ಸುಳ್ಳನ್ನು ಮಾತ್ರ ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಮೈನ್‌ಕ್ರಾಫ್ಟಿನಲ್ಲಿ 23 ಬ್ಲಾಕ್ ಮೇಲಿಂದ ಗಟ್ಟಿ ನೆಲಕ್ಕೆ ಬಿದ್ದರೆ ಪ್ರಾಣ ಹೋಗುತ್ತದೆ, ಆದರೆ ಕೆಳಗೆ ನೀರಿದ್ದರೆ ಎಷ್ಟು ಎತ್ತರದಿಂದ ಬಿದ್ದರೂ ಗಾಯವಿಲ್ಲ. ನಿಜ ಜೀವನದಲ್ಲಿ ಹೀಗಿಲ್ಲ. ಒಂದು ಸುಲಭ ಲೆಕ್ಕ: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಮೈಮೇಲೆ ಗುರುತ್ವದ ಎಷ್ಟು ಪಟ್ಟು ಹೊಡೆತ ಅಂತ ಅಂದಾಜು ಸಿಗುತ್ತದೆ. 10 ಮೀಟರ್ ಬಂಡೆಯಿಂದ ಹಾರಿ ಒಂದು ಮೀಟರಿನಲ್ಲಿ ನಿಂತರೆ ಹತ್ತು ಪಟ್ಟು, ಅದೂ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನೀರಿಗೆ ಬಡಿದ ಮೇಲೆ. ಮಳೆಗಾಲದ ಹೊಳೆಯಲ್ಲಿ ಒಳಗೆ ಬಂಡೆ ಎಲ್ಲಿದೆ ಅಂತಲೂ ಕಾಣುವುದಿಲ್ಲ.

ಹಂತ 7: ಕಾರ್ ರೇಸ್ ಗೇಮನ್ನು ಆಗುಂಬೆ ಘಾಟಿಗೆ ತನ್ನಿ

ಆಸ್ಫಾಲ್ಟ್‌ನಂಥ ರೇಸ್ ಗೇಮಿನಲ್ಲಿ 200 ಕಿಲೋಮೀಟರ್ ವೇಗದಲ್ಲಿ ಕಡಿದಾದ ತಿರುವು ತೆಗೆಯುತ್ತಾರೆ. ಆಗುತ್ತದೆಯೇ? ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಎಳೆದು ಹಿಡಿಯುವುದು ಟೈರಿನ ಘರ್ಷಣೆ. ಬೇಕಾದ ವೇಗೋತ್ಕರ್ಷ ಅಂದರೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದ್ದು. ಟೈರ್ ಕೊಡಬಲ್ಲದ್ದು ಘರ್ಷಣಾ ಗುಣಾಂಕ (ನೆಲದ ಹಿಡಿತದ ಅಳತೆ) ಗುಣಿಸು 9.8. ಒಣ ಡಾಂಬರಿಗೆ ಗುಣಾಂಕ ಸುಮಾರು 0.8, ಒದ್ದೆಯಾದರೆ ಸುಮಾರು 0.4.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಂದರ ತ್ರಿಜ್ಯ 10 ಮೀಟರ್ ಅಂತ ಇಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಒಣ ರಸ್ತೆಯಲ್ಲಿ ಗಂಟೆಗೆ 32, ಮಳೆಯಲ್ಲಿ ಬರೀ 22 ಕಿಲೋಮೀಟರ್. ಅದರಾಚೆ ಗಾಡಿ ಜಾರುತ್ತದೆ. 200ರಲ್ಲಿ ತಿರುಗಬೇಕಾದರೆ ಒಣ ರಸ್ತೆಯಲ್ಲೂ ತ್ರಿಜ್ಯ ಹತ್ತಿರ ಹತ್ತಿರ 400 ಮೀಟರ್ ಬೇಕು. ಗಮನಿಸಿ, ಲೆಕ್ಕದಲ್ಲಿ ರಾಶಿ ಎಲ್ಲೂ ಬರಲಿಲ್ಲ. ಬೈಕಿಗೂ ಬಸ್ಸಿಗೂ ಒಂದೇ ಮಿತಿ. ಎತ್ತರದ ಗಾಡಿ ಜಾರುವ ಮೊದಲೇ ಮಗುಚಬಹುದು, ಅದು ಬೇರೆ ಕಥೆ.

ಘಾಟಿಯ ಬಸ್ಸಿನಲ್ಲಿ ಹೋಗುವಾಗ ಫೈಫಾಕ್ಸ್ ಆ್ಯಪ್ ಹಾಕಿಕೊಂಡಿರಿ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಉಚಿತ ಆ್ಯಪ್ ಅದು. ಮೊಬೈಲಿನ ಒಳಗಿನ ಸೆನ್ಸರ್‌ಗಳನ್ನೇ ಅಳತೆಯ ಸಾಧನ ಮಾಡಿಕೊಡುತ್ತದೆ. ಮೊಬೈಲನ್ನು ತೊಡೆಯ ಮೇಲೆ ಮಟ್ಟಸವಾಗಿ ಇಟ್ಟು ಗುರುತ್ವ ಬಿಟ್ಟ ವೇಗೋತ್ಕರ್ಷ ಆರಿಸಿ. ಗಂಟೆಗೆ 20ರ ವೇಗದಲ್ಲಿ 10 ಮೀಟರ್ ತಿರುವು ತೆಗೆದರೆ 3ರ ಆಸುಪಾಸು ಬರಬೇಕು. ಪಕ್ಕದವರ ಮೇಲೆ ವಾಲಿಬೀಳುವುದಕ್ಕೆ ಇದೇ ಕಾರಣ. ಅವರಿಗೂ ಗ್ರಾಫ್ ತೋರಿಸಿ.

ಹಂತ 8: ರಾಕೆಟ್ ಹಾರಿಸಿ

ಇದಕ್ಕೆ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅನ್ನುವ ರಾಕೆಟ್ ಗೇಮ್ ಬೇಕು, ಅದನ್ನು ಆಡಲು ಕಂಪ್ಯೂಟರ್ ಬೇಕು. ಮೊಬೈಲೊಂದೇ ಇದ್ದವರು ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್ ಆಡಬಹುದು. ಮೊದಲ ರಾಕೆಟನ್ನು ನೇರ ಮೇಲಕ್ಕೆ ಬಿಡಿ. ಇಂಧನ ಮುಗಿದ ಮೇಲೂ ಒಂದಿಷ್ಟು ಏರಿ, ಆಮೇಲೆ ವಾಪಸ್ ಬೀಳುತ್ತದೆ. ಮೇಲೆ ಹೋದರೆ ಸಾಲದು, ಪಕ್ಕಕ್ಕೆ ಓಡಬೇಕು ಅಂತ ಆಗ ತಿಳಿಯುತ್ತದೆ. ಕಕ್ಷೆ ಅಂದರೆ ಬೀಳುತ್ತಲೇ ನೆಲವನ್ನು ತಪ್ಪಿಸಿಕೊಳ್ಳುವುದು.

ಕರ್ಬಲ್‌ನ ಗ್ರಹದ ತ್ರಿಜ್ಯ ಬರೀ 600 ಕಿಲೋಮೀಟರ್, ಭೂಮಿಯದು 6,371. ಆದರೆ ನೆಲದ ಮೇಲಿನ ಗುರುತ್ವ ಎರಡೂ ಕಡೆ 9.81! ಹಾಗಾಗಬೇಕಾದರೆ ಆ ಪುಟ್ಟ ಗ್ರಹ ಭೂಮಿಗಿಂತ ಹತ್ತು ಪಟ್ಟು ಸಾಂದ್ರವಾಗಿರಬೇಕು. ಆಟ ಸುಲಭವಾಗಲಿ ಅಂತ ಮಾಡಿದ್ದು. ಅಲ್ಲಿ 100 ಕಿಲೋಮೀಟರ್ ಎತ್ತರದ ಕಕ್ಷೆಗೆ ಸೆಕೆಂಡಿಗೆ 2.2 ಕಿಲೋಮೀಟರ್ ಸಾಕು. ನಮ್ಮ ಭೂಮಿಗೆ 400 ಕಿಲೋಮೀಟರ್ ಎತ್ತರದಲ್ಲಿ 7.7 ಬೇಕು.

ಕಕ್ಷೆ ಸೇರಿದವರಿಗೆ ಒಂದು ಸವಾಲು. ಅದೇ ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವ ಇನ್ನೊಂದು ನೌಕೆಯನ್ನು ಹಿಡಿಯಿರಿ. ಎಲ್ಲರೂ ಮಾಡುವುದು ಒಂದೇ, ಎಂಜಿನ್ ಹಚ್ಚಿ ಮುಂದೆ ನುಗ್ಗುವುದು. ಆಗ ನಿಮ್ಮ ಕಕ್ಷೆ ದೊಡ್ಡದಾಗಿ, ಸುತ್ತಲು ಹೊತ್ತು ಜಾಸ್ತಿ ಹಿಡಿದು ನೀವು ಇನ್ನೂ ಹಿಂದೆ ಬೀಳುತ್ತೀರಿ. ಹಿಡಿಯಬೇಕಾದರೆ ವೇಗ ಕಡಿಮೆ ಮಾಡಬೇಕು. ಕಕ್ಷೆ ಚಿಕ್ಕದಾಗಿ, ಸುತ್ತು ಬೇಗ ಮುಗಿದು, ಮುಂದಿನವನ ಹತ್ತಿರ ಬರುತ್ತೀರಿ. ಇದನ್ನು ಓದಿದರೆ ನಂಬಿಕೆ ಬರುವುದಿಲ್ಲ, ಮಾಡಿಯೇ ನೋಡಬೇಕು.

ಹಂತ 9: ನಿಮ್ಮದೇ ಗೇಮ್ ಕಟ್ಟಿ

ಇಷ್ಟಾದ ಮೇಲೆ ಬೇರೆಯವರ ಗೇಮ್ ಬಿಟ್ಟು ಆಲ್ಗೊಡೂ ಹಾಕಿಕೊಳ್ಳಿ. ಸ್ವೀಡನ್ನಿನ ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟಾಗಿ ಶುರುವಾದದ್ದು, ಕಂಪ್ಯೂಟರಿಗೆ ಉಚಿತ. ಚಿತ್ರ ಬರೆದರೆ ಸಾಕು, ಬರೆದದ್ದು ಬೀಳುತ್ತದೆ, ಉರುಳುತ್ತದೆ, ಡಿಕ್ಕಿ ಹೊಡೆಯುತ್ತದೆ. ಘರ್ಷಣೆ, ಸಾಂದ್ರತೆ, ಗುರುತ್ವ, ಗಾಳಿ ಎಲ್ಲದರ ನಿಯಂತ್ರಣವೂ ನಿಮ್ಮ ಕೈಯಲ್ಲೇ.

ಮೊದಲ ಪ್ರಾಜೆಕ್ಟಿಗೆ ಅಡಿಕೆ ಕೊಯ್ಲನ್ನೇ ತೆಗೆದುಕೊಳ್ಳಿ. ಕೊನೆಗೌಡ, ಅಂದರೆ ಅಡಿಕೆ ಕೊಯ್ಯುವವನು, ಮರದ ಮೇಲಿಂದ ಕೊನೆ (ಅಡಿಕೆ ಗೊನೆ) ಕೊಯ್ದು ಹಗ್ಗದ ಮೇಲೆ ಬಿಡುತ್ತಾನೆ, ಕೆಳಗೆ ಇನ್ನೊಬ್ಬರು ಹಗ್ಗದ ತುದಿ ಹಿಡಿದು ನಿಂತಿರುತ್ತಾರೆ. ಹಗ್ಗ ಬಿಗಿ ಮಾಡಿದರೆ ಕೊನೆ ಕಡೆಯವರೆಗೂ ರಭಸವಾಗಿಯೇ ಬರುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ಹಗ್ಗ ಜೋತು, ಕೆಳತುದಿಯಲ್ಲಿ ಇಳಿಜಾರು ಕಮ್ಮಿಯಾಗಿ, ಬಂದ ಕೊನೆ ಮೆತ್ತಗೆ ಕೈಗೆ ಸಿಗುತ್ತದೆ. ಇದನ್ನು ಆಲ್ಗೊಡೂನಲ್ಲಿ ಒಂದು ಡೊಂಕು ಇಳಿಜಾರಾಗಿ ಬರೆಯಿರಿ. ಮೇಲಿಂದ 8 ಕಿಲೋದ ಒಂದು ಡಬ್ಬಿ ಬಿಡಿ. ಘರ್ಷಣೆಯನ್ನು 0.1, 0.3, 0.5 ಅಂತ ಬದಲಿಸುತ್ತಾ ಕೆಳಗೆ ಬರುವ ವೇಗವನ್ನು ಗ್ರಾಫ್ ಮಾಡಿ. ಆಮೇಲೆ ರಾಶಿಯನ್ನು ಎರಡು ಪಟ್ಟು ಮಾಡಿ. ಊಹೆ ಬರೆದಿದ್ದೀರಲ್ಲ? ವೇಗ ಬದಲಾಗುವುದಿಲ್ಲ. ಹಿಡಿಯುವವರ ಕೈಗೆ ಬೀಳುವ ಹೊಡೆತ ಮಾತ್ರ ಎರಡು ಪಟ್ಟಾಗುತ್ತದೆ.

ಗೇಮುಗಳಿಂದ ಚೆನ್ನಾಗಿ ಬರುವುದು ಚಲನೆ, ಬಲ, ಶಕ್ತಿಯ ಪಾಠಗಳೇ. ಹತ್ತನೇ ಕ್ಲಾಸಿನ ವಿದ್ಯುತ್ತು, ಬೆಳಕಿಗೆ ಇವುಗಳನ್ನು ನೆಚ್ಚಿಕೊಳ್ಳಬೇಡಿ. ಅದಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಿವೆ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಉಚಿತ, ಕೆಲವು ಕನ್ನಡದಲ್ಲೂ ಸಿಗುತ್ತವೆ. ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುವಂಥವು ಬೇಕಾದಷ್ಟಿವೆ. ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ ಮೊದಲು ತೆಗೆಯಿರಿ, ಓಮನ ನಿಯಮ ಅಲ್ಲೇ ಸಿಗುತ್ತದೆ. ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಪ್ರೊಜೆಕ್ಟರ್ ಇದ್ದರೆ ಇಡೀ ಕ್ಲಾಸಿಗೆ ಒಂದೇ ಮೊಬೈಲ್ ಸಾಕು. ಒಬ್ಬರು ಆಡಲಿ, ಉಳಿದವರು ಮೊದಲ ಕಾಲಂ ತುಂಬಲಿ.